ಹರ್ಬರ್ಟ್ ಹೂವರ್: ಮಕ್ಕಳ ಆರೋಗ್ಯವೂ ರಾಜ್ಯಾಧಿಕಾರವೂ

ಕರುಣೆಯುಳ್ಳವನಿಗೆ ಅಧಿಕಾರ ದೊರೆತರೆ ಲೋಕಕ್ಕೆ ಒಳಿತಾಗುವುದೆಂದು ನಾವೆಲ್ಲರೂ ನಂಬುತ್ತೇವೆ. ಈ ನಂಬಿಕೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರೀಕ್ಷಿಸಲು ಅಮೆರಿಕದ 31ನೆಯ ಅಧ್ಯಕ್ಷರಾಗಿದ್ದ ಹರ್ಬರ್ಟ್ ಹೂವರ್ ಅವರ ಚರಿತ್ರೆ ಉತ್ತಮ ನಿದರ್ಶನವಾಗಿದೆ.

ಹೂವರ್ 1874ರಲ್ಲಿ ಅಯೋವಾ ಪ್ರಾಂತದ ವೆಸ್ಟ್ ಬ್ರಾಂಚ್ ಎಂಬ ಸಣ್ಣ ಊರಿನಲ್ಲಿ ಕಮ್ಮಾರನ ಮಗನಾಗಿ ಜನಿಸಿದರು. ಹತ್ತು ವರ್ಷ ತುಂಬುವ ಮೊದಲೇ ತಂದೆತಾಯಿಗಳನ್ನು ಕಳೆದುಕೊಂಡು ಬಂಧುಗಳ ಆಶ್ರಯದಲ್ಲಿ ಬೆಳೆದರು. 1895ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಪದವಿ ಪಡೆದು, ಆಸ್ಟ್ರೇಲಿಯಾ, ಚೀನಾಗಳ ಗಣಿಗಳಲ್ಲಿ ಇಂಜಿನಿಯರಾಗಿ ಕೀರ್ತಿಯನ್ನೂ ಸಂಪತ್ತನ್ನೂ ಗಳಿಸಿದರು.

1914ರಲ್ಲಿ ಮಹಾಯುದ್ಧ ಆರಂಭವಾಯಿತು. ಬೆಲ್ಜಿಯಂ ಜರ್ಮನರ ವಶವಾಯಿತು. ಇತ್ತ ಬ್ರಿಟಿಷ್ ನೌಕಾಪಡೆ ಸಮುದ್ರಮಾರ್ಗವನ್ನು ತಡೆಯಿತು. ಆಹಾರದ ಬಹುಭಾಗವನ್ನು ಹೊರಗಿನಿಂದ ತರಿಸುತ್ತಿದ್ದ ಆ ನಾಡು ಉಪವಾಸದ ಅಂಚಿಗೆ ಬಂದಿತು. ಆಗ ಹೂವರ್ ಪರಿಹಾರ ಆಯೋಗದ ಭಾರ ಹೊತ್ತರು. ಹಡಗು, ಧಾನ್ಯ, ಹಣ, ವಿತರಣೆ ಎಲ್ಲವನ್ನೂ ಇಂಜಿನಿಯರನ ಲೆಕ್ಕಾಚಾರದಿಂದ ಜೋಡಿಸಿ, ಮಕ್ಕಳಿಗೆ ಪ್ರತ್ಯೇಕವಾದ ಊಟವನ್ನು ಏರ್ಪಡಿಸಿದರು. 1921ರಿಂದ 1923ರವರೆಗಿನ ರಷ್ಯಾದ ಕ್ಷಾಮದಲ್ಲಿ ಅವರ ಸಂಸ್ಥೆ ಒಂದು ಹಂತದಲ್ಲಿ ದಿನಕ್ಕೆ ಒಂದು ಕೋಟಿಗೂ ಮಿಕ್ಕಿದ ಜನರಿಗೆ ಅನ್ನವಿಕ್ಕಿತು. 1923ರಲ್ಲಿ ಸ್ಥಾಪಿತವಾದ ಅಮೆರಿಕನ್ ಶಿಶು ಆರೋಗ್ಯ ಸಂಘಕ್ಕೂ ಅವರೇ ಅಧ್ಯಕ್ಷರಾದರು.

ಇಂಥವರು 1929ರಲ್ಲಿ ರಾಷ್ಟ್ರಾಧ್ಯಕ್ಷರಾದರು. ಅದೇ ವರ್ಷ ಮಹಾ ಆರ್ಥಿಕ ಕುಸಿತ ಬಂದೊದಗಿತು. ತಾಯಿ-ಮಕ್ಕಳ ಆರೋಗ್ಯಕ್ಕೆ ಕೇಂದ್ರದ ಧನಸಹಾಯ ನೀಡುತ್ತಿದ್ದ 1921ರ ಕಾಯಿದೆಯೂ ಆ ವರ್ಷವೇ ಕೊನೆಗೊಂಡಿತು. 1930ರ ನವೆಂಬರಿನಲ್ಲಿ ಹೂವರ್ ಶ್ವೇತಭವನದ ಆಶ್ರಯದಲ್ಲಿ ಮಕ್ಕಳ ಆರೋಗ್ಯ ಸಮ್ಮೇಳನವನ್ನು ಕರೆದರು. ಮಕ್ಕಳ ಹಕ್ಕುಗಳನ್ನು 19 ಅಂಶಗಳಲ್ಲಿ ಸಾರುವ ಘೋಷಣೆ ಅಲ್ಲಿ ಸಿದ್ಧವಾಯಿತು. ಆದರೆ ನಿರುದ್ಯೋಗಿಗಳಿಗೆ ಕೇಂದ್ರ ಸರಕಾರ ನೇರವಾಗಿ ನೆರವು ನೀಡಕೂಡದು, ಆಯಾ ಊರಿನ ಜನರೂ ಸ್ಥಳೀಯ ಆಡಳಿತವೂ ಮೊದಲು ಹೊಣೆ ಹೊರಬೇಕೆಂಬುದು ಅವರ ದೃಢವಾದ ನಿಲುವು. ಬರಗಾಲದಲ್ಲಿ ದನಗಳ ಮೇವಿಗೆ ಸಾಲ ಕೊಡಲೊಪ್ಪಿದ ಸರಕಾರ ಮನುಷ್ಯರ ಅನ್ನಕ್ಕೆ ಕೊಡಲೊಲ್ಲದೆಂದು ವಿರೋಧಿಗಳು ಹಳಿದರು. ನಿರ್ಗತಿಕರ ಗುಡಿಸಲುಗಳ ಸಾಲಿಗೆ ಜನ ಅವರ ಹೆಸರನ್ನೇ ಇಟ್ಟರು. 1932ರಲ್ಲಿ ಪ್ರಾಂತಗಳಿಗೆ 30 ಕೋಟಿ ಡಾಲರ್ ಸಾಲ ನೀಡುವ ಕಾಯಿದೆಗೆ ಅವರು ಸಹಿ ಹಾಕಿದರಾದರೂ ಕಾಲ ಮಿಂಚಿತ್ತು. ಆ ವರ್ಷದ ಚುನಾವಣೆಯಲ್ಲಿ ಸೋತರು.

ಇಲ್ಲಿ ತಾವು ವಿಚಾರಿಸಬೇಕು. ಹೂವರರ ಹೃದಯ ಕಲ್ಲಾಗಿತ್ತೇ? ಹಾಗೆನ್ನಲಾಗದು. ಊರು ತನ್ನ ಮಕ್ಕಳನ್ನು ತಾನೇ ಸಲಹಬೇಕೆಂಬ ತತ್ತ್ವವೂ ತಪ್ಪಲ್ಲ. ಆದರೆ ಊರಿನ ಬೊಕ್ಕಸವೇ ಬರಿದಾದಾಗ ಆ ತತ್ತ್ವ ಮಗುವಿನ ಹಸಿವನ್ನು ತಣಿಸಲಾರದು. ಬೆಲ್ಜಿಯಂನಲ್ಲಿ ಅವರು ಹಸಿವನ್ನು ಮೊದಲು ಕಂಡು, ಅದಕ್ಕೆ ತಕ್ಕ ವ್ಯವಸ್ಥೆಯನ್ನು ಕಟ್ಟಿದರು. ಅಧಿಕಾರದಲ್ಲಿದ್ದಾಗ ವ್ಯವಸ್ಥೆಯ ನಿಯಮವನ್ನೇ ಮೊದಲು ಕಂಡರು.

1946ರಲ್ಲಿ ಅಧ್ಯಕ್ಷ ಟ್ರೂಮನ್ನರ ಕೋರಿಕೆಯಂತೆ ವೃದ್ಧ ಹೂವರ್ ಲೋಕದ ಕ್ಷಾಮಪೀಡಿತ ದೇಶಗಳನ್ನು ಸುತ್ತಿದರು. ಆ ಸಂದರ್ಭದಲ್ಲಿ ನಮ್ಮ ಬೆಂಗಳೂರಿಗೂ ಬಂದಿದ್ದರು. ಮಕ್ಕಳ ಆಹಾರಕ್ಕಾಗಿ ಅವರು ಒತ್ತಾಯಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ಯುನಿಸೆಫ್ ಸ್ಥಾಪನೆಯಾದಾಗ, ಅವರ ಸಹವರ್ತಿಯಾಗಿದ್ದ ಮಾರಿಸ್ ಪೇಟ್ ಅದರ ಪ್ರಥಮ ಕಾರ್ಯನಿರ್ವಾಹಕ ನಿರ್ದೇಶಕರಾದರು. ಹೂವರ್ 1964ರಲ್ಲಿ ನಿಧನ ಹೊಂದಿದರು.

ಗ್ರಾಮದಲ್ಲಾಗಲಿ ರಾಜ್ಯದಲ್ಲಾಗಲಿ ಹಿರಿತನ ವಹಿಸಿದ ಮಹನೀಯರು ಈ ಚರಿತ್ರೆಯನ್ನು ಮನನ ಮಾಡಬೇಕು. ನೆರವು ಯಾರ ಹೊಣೆಯೆಂಬ ಚರ್ಚೆ ನಡೆಯಲಿ. ಅದು ಮುಗಿಯುವವರೆಗೆ ಮಗುವನ್ನು ಹಸಿದಿರಿಸಲಾಗದು.