ಘಟ್ಟದ ಲಾರಿ ಮತ್ತು ವಾಲ್ವಿನ ವೇಳೆ

ಯಲ್ಲಾಪುರದಿಂದ ಅಂಕೋಲೆಗೆ ಅರಬೈಲ್ ಘಟ್ಟ, ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ. ಧಾರವಾಡ ಸೀಮೆಯ ಹತ್ತಿ, ಶಿರಸಿ–ಸಿದ್ದಾಪುರದ ಅಡಿಕೆ, ಮೆಣಸು ಎತ್ತಿನ ಗಾಡಿಗಳಲ್ಲಿ ಕಡಲಿಗಿಳಿದದ್ದು ಈ ದಾರಿಗಳಲ್ಲೇ. ಉಪ್ಪು, ಮೀನು ಮೇಲೇರಿದ್ದೂ ಇಲ್ಲಿಂದಲೇ. ಘಟ್ಟದ ಮೇಲಿನ ಯಲ್ಲಾಪುರ, ಶಿರಸಿ, ಸಿದ್ದಾಪುರ ಈ ಮೂರೂ ಊರಿಗೆ ರೈಲು ಬರಲಿಲ್ಲ. ಗಾಡಿಯ ಕೆಲಸವನ್ನು ಲಾರಿಯೇ ವಹಿಸಿಕೊಂಡಿತು.

1954ರಲ್ಲಿ ಟಾಟಾದವರು ಡೈಮ್ಲರ್-ಬೆಂಝ್ ಜೊತೆಗೂಡಿ ಜಮ್‌ಶೆಡ್‌ಪುರದಲ್ಲಿ ಡೀಸೆಲ್ ಲಾರಿ ಕಟ್ಟತೊಡಗಿದರು. ಅಶೋಕ್ ಲೇಲ್ಯಾಂಡಿನ ಕಾಮೆಟ್ ಕೂಡ ಅದೇ ಕಾಲದ್ದು. ಇವೆಲ್ಲ ಗಾಳಿಯನ್ನು ತಾವೇ ಎಳೆದುಕೊಳ್ಳುವ ಸಾದಾ ಎಂಜಿನ್ನುಗಳು. ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ ಗಾಳಿಯ ಒತ್ತಡ ಕಡಲತೀರಕ್ಕಿಂತ ಶೇ. 6–7ರಷ್ಟು ಕಡಿಮೆ. ಡೀಸೆಲ್ ಅಷ್ಟೇ, ಗಾಳಿ ಮಾತ್ರ ಕಡಿಮೆ. ಏರಿನಲ್ಲಿ ಕರಿಹೊಗೆ ಕಕ್ಕಲು ಅದೂ ಒಂದು ಕಾರಣ.

ಸಾದಾ ಎಂಜಿನ್ನಿನಲ್ಲಿ ಈ ಗಾಳಿಯನ್ನು ಒಳಬಿಡುವ ಇನ್‌ಲೆಟ್ ವಾಲ್ವ್, ಪಿಸ್ಟನ್ ಮೇಲ್ತುದಿ ಮುಟ್ಟಲು ಕ್ರ್ಯಾಂಕ್ ಇನ್ನೂ 10–20 ಡಿಗ್ರಿ ತಿರುಗಬೇಕಿರುವಾಗಲೇ ತೆರೆಯುತ್ತದೆ. ಪಿಸ್ಟನ್ ಕೆಳತುದಿ ದಾಟಿ ಕ್ರ್ಯಾಂಕ್ 35–50 ಡಿಗ್ರಿ ತಿರುಗಿದ ಮೇಲೆ ಮುಚ್ಚುತ್ತದೆ. ಒಮ್ಮೆ ವೇಗ ಹಿಡಿದ ಗಾಳಿ, ಪಿಸ್ಟನ್ ಮೇಲೇರತೊಡಗಿದರೂ ಒಳನುಗ್ಗುತ್ತಲೇ ಇರುತ್ತದೆ. ಆ ಲಾಭ ಬಿಡಬಾರದೆಂದೇ ಈ ತಡ. ಇನ್‌ಲೆಟ್, ಹೊಗೆ ಬಿಡುವ ಎಕ್ಸಾಸ್ಟ್ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಓವರ್‌ಲ್ಯಾಪ್ ಮಾತ್ರ ಚಿಕ್ಕದು.

ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜ್ ಎಂಜಿನ್ನಿನ ಲೆಕ್ಕ ಬೇರೆ. ಒಳಬರುವ ಗಾಳಿಯ ಒತ್ತಡ ಹೊರಹೋಗುವ ಹೊಗೆಯದಕ್ಕಿಂತ ಹೆಚ್ಚಿದ್ದರೆ, ಓವರ್‌ಲ್ಯಾಪಿನಲ್ಲಿ ತಾಜಾ ಗಾಳಿ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಪೂರ್ತಿ ತಳ್ಳಿ, ಪಿಸ್ಟನ್ ತಲೆಯನ್ನೂ ಎಕ್ಸಾಸ್ಟ್ ವಾಲ್ವನ್ನೂ ತಂಪಾಗಿಸುತ್ತದೆ. ರೈಲು, ಹಡಗುಗಳ ದೊಡ್ಡ ಎಂಜಿನ್ನುಗಳಲ್ಲಿ ಈ ಓವರ್‌ಲ್ಯಾಪ್ 100 ಡಿಗ್ರಿ ಮೀರುವುದುಂಟು.

ಘಟ್ಟದ ಲಾರಿಗೆ ಇಷ್ಟು ಉದ್ದದ ಓವರ್‌ಲ್ಯಾಪ್ ಒಗ್ಗದು. ಲಾರಿಯಲ್ಲಿ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ತಿರುಗುವುದು ಹೊಗೆಯ ಬಲದಿಂದ. ಅರಬೈಲಿನ ತಿರುವಿನಲ್ಲಿ ಹೊರೆ ಹೊತ್ತ ಲಾರಿ ನಿಂತಂತಾಗಿ, ಗೇರು ಇಳಿಸಿ ಆಕ್ಸಲರೇಟರ್ ಒತ್ತಿದಾಗ ಮೊದಲು ಏರುವುದು ಹೊಗೆಯ ಒತ್ತಡ, ಗಾಳಿಯದು ಆಮೇಲೆ. ಆ ಹೊತ್ತಿನಲ್ಲಿ ಎರಡೂ ವಾಲ್ವ್ ಬಹಳ ತೆರೆದಿದ್ದರೆ ಹೊಗೆ ಇನ್‌ಲೆಟ್ ದಾರಿಗೇ ತಿರುಗುತ್ತದೆ, ಎಂಜಿನ್ ಉಸಿರುಗಟ್ಟುತ್ತದೆ. 2000ದ ನಂತರ ಹೊಗೆ ನಿಯಮಗಳು ಬಿಗಿಯಾಗಿ ಲಾರಿ, ಬಸ್ಸುಗಳಿಗೆ ಟರ್ಬೊ ಸಾಮಾನ್ಯವಾದಾಗಲೂ ರಸ್ತೆ ಎಂಜಿನ್ನುಗಳ ಓವರ್‌ಲ್ಯಾಪ್ ಚಿಕ್ಕದಾಗಿಯೇ ಉಳಿಯಲು ಇದೂ ಒಂದು ಕಾರಣ. ರೈಲು ಎಂಜಿನ್ನಿನ ಲೆಕ್ಕವನ್ನು ರಸ್ತೆಗೆ ತರದಿದ್ದದ್ದು ಸರಿಯಾದ ತೀರ್ಮಾನ.

ಇಷ್ಟೆಲ್ಲ ಲೆಕ್ಕ ಕೊನೆಗೆ ನಿಲ್ಲುವುದು ವಾಲ್ವಿಗೂ ಅದನ್ನೊತ್ತುವ ತೋಳಿಗೂ ನಡುವಿನ ಟಪೆಟ್ ಸಂದಿನ ಮೇಲೆ. ಫೀಲರ್ ಗೇಜಿನ ತೆಳುಪಟ್ಟಿ ತೂರಿಸಿ ಮೆಕ್ಯಾನಿಕ್ ಹೊಂದಿಸುವ ಈ ಸಂದು ಹೆಚ್ಚಾದರೆ ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚುತ್ತದೆ. ಕಡಿಮೆಯಾದರೆ ಬಿಸಿಗೆ ಹಿಗ್ಗಿದ ವಾಲ್ವ್ ಸೀಟಿನ ಮೇಲೆ ಸರಿಯಾಗಿ ಕೂರದೆ ಸುಡುತ್ತದೆ.