ಪ್ರೀತಿಯನ್ನು ಮೆದುಳಿನಲ್ಲಿ ಹುಡುಕಿದ ಕಥೆ

ಪ್ರೀತಿ ಅಂದ ಕೂಡಲೇ ನಾವು ಎದೆ ಮುಟ್ಟಿಕೊಳ್ತೀವಿ. ಆದರೆ ವಿಜ್ಞಾನ ಅದನ್ನು ಹುಡುಕಿದ್ದು ಮೆದುಳಿನಲ್ಲಿ.

1954ರಲ್ಲಿ ಮಾಂಟ್ರಿಯಲ್‌ನ ಜೇಮ್ಸ್ ಓಲ್ಡ್ಸ್, ಪೀಟರ್ ಮಿಲ್ನರ್ ಇಲಿಯ ಮೆದುಳಿಗೆ ತಂತಿ ಇಳಿಸಿದ್ರು. ಸನ್ನೆಕೋಲು ಒತ್ತಿದರೆ ಸಣ್ಣ ಕರೆಂಟ್. ಇಲಿ ಮತ್ತೆ ಮತ್ತೆ ಒತ್ತುತ್ತಲೇ ಇತ್ತು! 'ಇನ್ನೂ ಬೇಕು' ಅನ್ನಿಸುವ ವ್ಯವಸ್ಥೆಯೊಂದು ಮೆದುಳಿನಲ್ಲಿದೆ ಅಂತ ಗೊತ್ತಾಯ್ತು.

2000ದಲ್ಲಿ ಲಂಡನ್‌ನ ಆಂಡ್ರಿಯಾಸ್ ಬಾರ್ಟೆಲ್ಸ್, ಸೆಮಿರ್ ಝೆಕಿ ಪ್ರೀತಿಯಲ್ಲಿದ್ದ 17 ಜನರನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ ಫೋಟೋ ತೋರಿಸಿದ್ರು. ಸ್ನೇಹಿತರ ಮುಖಕ್ಕಿಂತ ಪ್ರೇಮಿಯ ಮುಖ ಕಂಡಾಗ, ಭಯದ ಜೊತೆ ನಂಟಿರುವ ಅಮಿಗ್ಡಲಾದ ಚಟುವಟಿಕೆ ತಗ್ಗಿತ್ತು. 2005ರಲ್ಲಿ ಅಮೆರಿಕದ ಹೆಲೆನ್ ಫಿಶರ್, ಆರ್ಥರ್ ಆರನ್, ಲೂಸಿ ಬ್ರೌನ್ ತಂಡಕ್ಕೆ, ಡೋಪಮೈನ್ ತಯಾರಾಗುವ ಭಾಗವೇ ಚುರುಕಾಗಿದ್ದು ಕಾಣಿಸ್ತು.

2010ರಲ್ಲಿ ಅದೇ ತಂಡ, ಪ್ರೀತಿಸಿದವರು ಬಿಟ್ಟುಹೋದ 15 ಜನರನ್ನು ಪರೀಕ್ಷಿಸಿತು. ಅವರಲ್ಲೂ ಆ ಭಾಗ ಸುಮ್ಮನಾಗಿರಲಿಲ್ಲ. ಸಂಬಂಧ ಮುಗಿದಿತ್ತು, ಬಯಕೆ ಮುಗಿದಿರಲಿಲ್ಲ.

ಹಾಗಾಗಿ ಪುಣೆಯ ಪಿಜಿಯಲ್ಲೋ ಹೈದರಾಬಾದ್‌ನ ಫ್ಲ್ಯಾಟ್‌ನಲ್ಲೋ ರೂಮ್‌ಮೇಟ್ ಊಟ ಬಿಟ್ಟು ಕೂತಿದ್ರೆ, 'ಮರೆತುಬಿಡು ಮಾರಾಯ' ಅಂತ ಗದರಬೇಡಿ. ಅದು ದೌರ್ಬಲ್ಯ ಅಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ: ಬೇರೆಯಾಗಿ ಹೆಚ್ಚು ದಿನ ಕಳೆದವರಲ್ಲಿ, ಅಂಟಿಕೊಳ್ಳುವ ಭಾವಕ್ಕೆ ಸಂಬಂಧಿಸಿದ ಒಂದು ಭಾಗದ ಚಟುವಟಿಕೆ ಕಮ್ಮಿಯಿತ್ತು. ಅಲ್ಲಿಯವರೆಗೆ ಜೊತೆಗೆ ಕೂತು ಎರಡು ತುತ್ತು ಉಣ್ಣಿಸಿ.