ಗಡಿಗೆರೆಯ ಎರಡು ಬದಿ: ಭಟ್ಕಳ, ಹೊನ್ನಾವರ, ಕುಮಟೆಯ ಉರಗ ಅಧ್ಯಯನ

1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬೈಗೆ ಸೇರಿಸಿದಾಗ ಗಡಿ ಬಿದ್ದದ್ದು ಭಟ್ಕಳದ ತೆಂಕಣ ಅಂಚಿನಲ್ಲಿ. ಕುಂದಾಪುರ ಮದ್ರಾಸಿನಲ್ಲೇ ಉಳಿಯಿತು. ಆಡಳಿತಕ್ಕೆಂದು ಎಳೆದ ಈ ಗೆರೆ ಹಾವು-ಹಲ್ಲಿಗಳ ಅಧ್ಯಯನವನ್ನೂ ಹೋಳು ಮಾಡಿತು ಎಂಬುದು ನನ್ನ ವಾದ.

ತೆಂಕಣಕ್ಕೆ ರಿಚರ್ಡ್ ಹೆನ್ರಿ ಬೆಡ್ಡೋಮ್ ಇದ್ದ. 1860ರಿಂದ 1882ರವರೆಗೆ ಮದ್ರಾಸ್ ಅರಣ್ಯ ಇಲಾಖೆಯ ಮುಖ್ಯಸ್ಥನಾಗಿದ್ದ ಆತ ಘಟ್ಟ ಸುತ್ತಿ ಕಲೆಹಾಕಿದ ಮಾದರಿಗಳು ಲಂಡನ್ ಸೇರಿದವು. ಅಲ್ಲಿ ಪ್ರಾಣಿಶಾಸ್ತ್ರಜ್ಞ ಬುಲೆಂಜರ್ 1885ರಲ್ಲಿ ಬಿಳಿ ಪಟ್ಟೆಯ ಒಂದು ನೆಲಹಲ್ಲಿಗೆ 'ಅಲ್ಬೋಫ್ಯಾಸಿಯೇಟಸ್' ಎಂದು ಹೆಸರಿಟ್ಟ. ಸಿಕ್ಕ ಜಾಗ 'ದಕ್ಷಿಣ ಕನ್ನಡ', ಅಷ್ಟೇ. ಬಡಗಣದವರು ಮುಖ ಮಾಡಿದ್ದು 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯತ್ತ. ಕಾರವಾರದಲ್ಲಿ ನೌಕರಿ ಮಾಡಿದ್ದ ಏಟ್ಕನ್ ಅದರ ಸ್ಥಾಪಕರಲ್ಲಿ ಒಬ್ಬ. ಆದರೆ ಅವನು ಡೇವಿಡ್ಸನ್, ಬೆಲ್ ಜೊತೆ ಸೇರಿ ಬರೆದದ್ದು ಜಿಲ್ಲೆಯ ಚಿಟ್ಟೆಗಳ ಬಗ್ಗೆ. ಹಲ್ಲಿಗೆ ಅಂಥ ಅದೃಷ್ಟವಿರಲಿಲ್ಲ.

ಎರಡೂ ಕಡೆಯ ದಾಖಲೆ ಒಂದೇ ಪುಸ್ತಕಕ್ಕೆ ಬಂದದ್ದು ಮಾಲ್ಕಮ್ ಸ್ಮಿತ್‌ನ ಸಂಪುಟಗಳಲ್ಲಿ: ಹಲ್ಲಿಗಳದ್ದು 1935ರಲ್ಲಿ, ಹಾವುಗಳದ್ದು 1943ರಲ್ಲಿ. ಆತ 1935ರಲ್ಲೇ ಹೆಸರಿಸಿದ ಹಲ್ಲಿ 'ಹೆಮಿಡ್ಯಾಕ್ಟೈಲಸ್ ಪ್ರಶಾದಿ' ಸಿಕ್ಕದ್ದು ಉತ್ತರ ಕನ್ನಡದ ಜೋಗದ ಆಸುಪಾಸಿನಲ್ಲಿ, ಅಂದರೆ ಹೊನ್ನಾವರಕ್ಕಿಳಿಯುವ ಶರಾವತಿಯ ನೆತ್ತಿಯಲ್ಲಿ.

ಹಾರುವ ಓತಿ ಇದಕ್ಕೆಲ್ಲ ಮೊದಲೇ, 1837ರಲ್ಲಿ, ಫ್ರೆಂಚ್ ವ್ಯಾಪಾರಿ ಡುಸ್ಸುಮಿಯೇ ಹೆಸರಿನಲ್ಲಿ ದಾಖಲಾಗಿತ್ತು. ಕನ್ನಡ ಓದುಗರಿಗೆ ಅದನ್ನು ಪರಿಚಯಿಸಿದ್ದು ತೇಜಸ್ವಿಯವರ 'ಕರ್ವಾಲೊ'. ಹೊನ್ನಾವರ, ಕುಮಟೆಯ ಅಡಿಕೆ ತೋಟಗಳಲ್ಲಿ ಮರಕ್ಕಂಟಿ ಕೂತರೆ ತೊಗಟೆ ಯಾವುದು, ಓತಿ ಯಾವುದು ತಿಳಿಯದು. ಗಂಡು ಗಂಟಲಿನ ಹಳದಿ ಚೀಲವನ್ನು ಫಕ್ಕನೆ ಚಾಚಿದಾಗಲೇ ಗುಟ್ಟು ರಟ್ಟು. ನೀಳ ಪಕ್ಕೆಲುಬುಗಳ ಮೇಲಿನ ಚರ್ಮ ಬಿಚ್ಚಿ ಪಕ್ಕದ ಮರಕ್ಕೆ ತೇಲುತ್ತದೆ. ಹೆಣ್ಣು ನೆಲಕ್ಕಿಳಿದು, ಮಣ್ಣು ಕೆದಕಿ ಮೊಟ್ಟೆಯಿಡುತ್ತದೆ.

ವರ್ಗೀಕರಣವೂ ಈ ನಡುವೆ ಮಗ್ಗುಲು ಬದಲಿಸಿದೆ. ಲಿನೇಯಸ್ ಹಾವುಗಳನ್ನು ಹಲ್ಲಿಗಳಿಂದ ಬೇರೆ ಇಟ್ಟಿದ್ದ. 1811ರಲ್ಲಿ ಓಪೆಲ್ ಎರಡನ್ನೂ ಹುರುಪೆಯುಳ್ಳವುಗಳೆಂದು ಒಂದು ಗುಂಪಿಗೆ ತಂದ. ಇಂದು ಅದರಲ್ಲಿ 11,000ಕ್ಕೂ ಹೆಚ್ಚು ಜಾತಿಗಳಿವೆ. ವಂಶವಾಹಿ ಆಧರಿಸಿ ವಿಡಾಲ್ ಮತ್ತು ಹೆಜಸ್ 2005ರಲ್ಲಿ ಮಂಡಿಸಿದ ವಂಶವೃಕ್ಷದಲ್ಲಿ ಹಾವು, ಉಡ, ಓತಿ ಒಂದೇ ಕವಲು. ಹಾವಿನಂತೆ ಹರಿದಾಡುವ ಹಾವುರಾಣಿ ಆ ಕವಲಿನಲ್ಲಿಲ್ಲ. ಗೋಡೆಯ ಹಲ್ಲಿಯಂತೂ ಇನ್ನೂ ದೂರದ ನೆಂಟ. ಬೇಲಿಯ ಮೇಲೆ ತಲೆ ಕುಣಿಸುವ ಓತಿಯೇ ನಾಗರಹಾವಿಗೆ ಇವೆರಡಕ್ಕಿಂತ ಹತ್ತಿರ. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು, ಬಹುಕಾಲ ಒಂದೇ ಜಾತಿಯೆಂದು ಎಣಿಸಿದ್ದ ಕಾಳಿಂಗಸರ್ಪವನ್ನು ನಾಲ್ಕಾಗಿ ಬಿಡಿಸಿದರು. ಪಶ್ಚಿಮ ಘಟ್ಟದ್ದು ಈಗ 'ಒಫಿಯೊಫೇಗಸ್ ಕಾಳಿಂಗ'.

ಹೊಸ ಹೆಸರುಗಳು ಬಹುಪಾಲು ಘಟ್ಟದಿಂದಲೇ ಬರುತ್ತಿವೆ. ಅಘನಾಶಿನಿ, ಶರಾವತಿ ಅಳಿವೆಗಳ ಕೆಸರು, ಭಟ್ಕಳದ ಬಂದರಿಗೆ ಬರುವ ಬಲೆಗಳು ನಮ್ಮ ಸಂಶೋಧಕರನ್ನು ಅಷ್ಟಾಗಿ ಸೆಳೆದಿಲ್ಲ ಎಂದೇ ನನಗನ್ನಿಸುತ್ತದೆ. ಕೊಕ್ಕುಮೂತಿಯ ಕಡಲಹಾವು ಅಳಿವೆಯೊಳಕ್ಕೂ ನುಗ್ಗುತ್ತದೆ, ನೀರಿನಲ್ಲೇ ಮರಿ ಹಾಕುತ್ತದೆ, ಮೀನಿನ ಜೊತೆ ಬಲೆಗೂ ಬೀಳುತ್ತದೆ. ಅದನ್ನು ಬಲೆಯಿಂದ ಬಿಡಿಸುವುದು ಬರಿಗೈಯಲ್ಲಿ. ನಮ್ಮ ಆಸ್ಪತ್ರೆಗಳಲ್ಲಿರುವ ವಿಷನಿರೋಧಕ ಚುಚ್ಚುಮದ್ದು ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ನೆಲದ ಹಾವುಗಳ ವಿಷದಿಂದ. ಕಡಲಹಾವು ಆ ಪಟ್ಟಿಯಲ್ಲಿಲ್ಲ.